ಮೈಸೂರು ಸೀಮೆಯ ಚಿನ್ನದ ನಾಣ್ಯಗಳು: ಸಂಗ್ರಹ ಮತ್ತು ಅಚ್ಚುಭೇದ

ಮೈಸೂರು ಒಡೆಯರು, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನ್ 17ನೇ ಶತಮಾನದ ನಡುವಿನಿಂದ 19ನೇ ಶತಮಾನದ ಮೊದಲ ಭಾಗದವರೆಗೆ ಹೊರಡಿಸಿದ ವರಾಹ, ಅರೆವರಾಹ ಮತ್ತು ಹಣಗಳನ್ನು ಕೂಡಿಸಿ, ಗುರುತಿಸಿ, ಅವುಗಳ ಅಚ್ಚುಗಳ ವ್ಯತ್ಯಾಸವನ್ನು ದಾಖಲಿಸುವ ಹವ್ಯಾಸ ಮತ್ತು ಅಧ್ಯಯನವೇ ಈ ಲೇಖನದ ವಸ್ತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹ್ಯಾಂಡ್‌ಪೋಸ್ಟ್ ಸುತ್ತಲಿನ ಹೆಗ್ಗಡದೇವನಕೋಟೆ ಸೀಮೆ ಈ ನಾಣ್ಯಗಳು ಹುಟ್ಟಿದ ಶ್ರೀರಂಗಪಟ್ಟಣದ ಟಂಕಸಾಲೆಗೆ ಹತ್ತಿರದ ನಾಡು. ಪಿರಿಯಾಪಟ್ಟಣದ ಮೇಲೆ ಕೊಡಗು–ಮಲಬಾರಿನ ದಾರಿ, ಹೆಗ್ಗಡದೇವನಕೋಟೆಯ ಕಡೆಯಿಂದ ವಯನಾಡಿನ ದಾರಿ, ಹಿಂದೆ ಎಡತೊರೆ ಎನಿಸಿಕೊಂಡಿದ್ದ ಕೃಷ್ಣರಾಜನಗರದ ಬದಿಯಲ್ಲಿ ಕಾವೇರಿ ಬಯಲಿನ ಭತ್ತದ ವ್ಯಾಪಾರ. ಈ ಮೂರೂ ದಾರಿಗಳಲ್ಲಿ ಹರಿದಾಡಿದ್ದು ಮುಖ್ಯವಾಗಿ ಚಿನ್ನದ ಚಿಕ್ಕ ಹಣ. ಅದು ಇಂದು ಮೂರು ಕಡೆ ಉಳಿದಿದೆ: ವಸ್ತುಸಂಗ್ರಹಾಲಯಗಳ ತಟ್ಟೆಗಳಲ್ಲಿ, ಹವ್ಯಾಸಿಗಳ ಡಬ್ಬಿಗಳಲ್ಲಿ, ಹಳೆಯ ಮನೆತನಗಳ ಒಡವೆಗಳಲ್ಲಿ. ಮೂರನೆಯ ಕಡೆ ಇರುವುದು ವರ್ಷ ವರ್ಷವೂ ಕರಗುತ್ತಿದೆ.

ಲೆಕ್ಕದ ಕ್ರಮ

ಇಲ್ಲಿ ಬೆಲೆಯ ಮೂಲಮಾನ ವರಾಹ. ಹಳಗಾಲದ ಶಾಸನಗಳಲ್ಲಿ ಗದ್ಯಾಣ, ಹೊನ್ನು ಎಂದು ಬರುವುದೂ ಹೆಚ್ಚುಕಡಿಮೆ ಇದೇ ತೂಕದ್ದು. 10 ಹಣಕ್ಕೆ 1 ವರಾಹ. ಹಣದ ಅರ್ಧ ಅಡ್ಡ, ಕಾಲು ಹಾಗ, ಹದಿನಾರನೆಯ ಒಂದು ಪಾಲು ವೀಸ. ವರಾಹದ ತೂಕ ಸುಮಾರು 3.4 ಗ್ರಾಂ, ಅಗಲ ಕಿರುಬೆರಳ ಉಗುರಿಗಿಂತ ತುಸು ಹೆಚ್ಚು. ಹಣದ ತೂಕ ಸುಮಾರು 0.35 ಗ್ರಾಂ. ತೊಗರಿಬೇಳೆಯಷ್ಟೇ ಇರುವ ಈ ಹಣವನ್ನು ಎಣಿಸುವುದು ಸುಲಭದ ಕೆಲಸವಾಗಿರಲಿಲ್ಲ. ತಿರುವಾಂಕೂರಿನವರು ತಮ್ಮ ಪುಟ್ಟ ಬೆಳ್ಳಿ ಚಕ್ರಗಳನ್ನು ಎಣಿಸಲು ಸಾಲು ಸಾಲಾಗಿ ಗುಳಿ ತೋಡಿದ ಮರದ ಹಲಗೆ ಇಟ್ಟುಕೊಂಡಿದ್ದರು. ಒಂದು ಹಿಡಿ ನಾಣ್ಯ ಸುರಿದು ಹಲಗೆಯನ್ನು ಅಲುಗಿಸಿದರೆ ಗುಳಿಗೊಂದರಂತೆ ಕೂರುತ್ತಿದ್ದವು.

ವಿಜಯನಗರಕ್ಕೆ 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್ ಅಲ್ಲಿನ ವರಾಹ, ಅದರ ಅರ್ಧವಾದ ಪ್ರತಾಪ, ಹಣ, ಬೆಳ್ಳಿಯ ತಾರ, ತಾಮ್ರದ ಜಿತಲ್‌ಗಳ ಲೆಕ್ಕ ಬರೆದಿಟ್ಟಿದ್ದಾನೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಹಣವೇ ಎಂದೂ ಹೇಳಿದ್ದಾನೆ. ಮೈಸೂರು ಸೀಮೆಯ ಮಟ್ಟಿಗೆ ಆ ಮಾತು ಇನ್ನೂ ಮೂರೂವರೆ ಶತಮಾನ ನಿಜವಾಗಿ ಉಳಿಯಿತು.

ಹಿನ್ನೆಲೆ

ಮೈಸೂರಿಗಿಂತ ಹಿಂದಿನ ಚಿನ್ನ ಬೇರೆಯದೇ ಅಧ್ಯಾಯ. ಸಂಗ್ರಾಹಕನಿಗೆ ತಿಳಿದಿರಬೇಕಾದಷ್ಟನ್ನೇ ಇಲ್ಲಿ ಹೇಳುವುದು. ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಬಳ್ಳಿಸುರುಳಿ ಇರುವ ಗಜಪತಿ ವರಾಹಗಳನ್ನು ವಾಡಿಕೆಯಾಗಿ ತಲಕಾಡಿನ ಗಂಗರದೆನ್ನುತ್ತಾರೆ, ಆದರೆ ಈ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೊಯ್ಸಳ ವಿಷ್ಣುವರ್ಧನನ ಹೊನ್ನುಗಳು ಮಾತ್ರ ತಮ್ಮ ಗುರುತನ್ನು ತಾವೇ ಹೇಳುತ್ತವೆ: ಒಂದು ಬದಿಗೆ ಸಿಂಹ, ಇನ್ನೊಂದು ಬದಿಗೆ ಕನ್ನಡದಲ್ಲೇ ‘ಶ್ರೀ ತಳಕಾಡುಗೊಂಡ’ ಅಥವಾ ‘ಶ್ರೀ ನೊಣಂಬವಾಡಿಗೊಂಡ’. ಒಂದು ಗೆಲುವನ್ನು ಕನ್ನಡ ಅಕ್ಷರಗಳಲ್ಲಿ ಚಿನ್ನದ ಮೇಲೆ ಬರೆಸಿದ ಇವು ಕರ್ನಾಟಕದ ಅತ್ಯಂತ ವಿರಳ ನಾಣ್ಯಗಳ ಸಾಲಿನಲ್ಲಿ ನಿಲ್ಲುತ್ತವೆ.

ವಿಜಯನಗರದ ವರಾಹಗಳಲ್ಲಿ ದೇವತಾಮೂರ್ತಿಗಳ ದೊಡ್ಡ ಸಾಲೇ ಇದೆ. ಹರಿಹರನ ಹನುಮಂತ, ದೇವರಾಯರ ಕಾಲದ ಉಮಾಮಹೇಶ್ವರ, ಕೃಷ್ಣದೇವರಾಯನ ಬಾಲಕೃಷ್ಣ, ಅಚ್ಯುತರಾಯನ ಗಂಡಭೇರುಂಡ. ಕೊಕ್ಕು, ಉಗುರುಗಳಲ್ಲಿ ಆನೆಗಳನ್ನು ಹಿಡಿದ ಆ ಗಂಡಭೇರುಂಡ ಮುಂದೆ ಮೈಸೂರು ಅರಸರ ಲಾಂಛನವಾಯಿತು. 1565ರ ಬಳಿಕ ವಿಜಯನಗರದ ಬಲ ಕುಗ್ಗಿದಾಗ ನಾಯಕರು ತಮ್ಮ ತಮ್ಮ ವರಾಹ ಹೊಡೆಸಿದರು. ಅವುಗಳಲ್ಲಿ ಇಕ್ಕೇರಿಯ ವರಾಹ ಬಹುಕಾಲ ನಂಬಿಕೆ ಗಳಿಸಿತು: ಮುಂದೆ ಕುಳಿತ ಶಿವಪಾರ್ವತಿ, ಹಿಂದೆ ಮೂರು ಸಾಲಿನಲ್ಲಿ ನಾಗರಿಯ ‘ಶ್ರೀ ಸದಾಶಿವ’. ಮೈಸೂರಿನ ವರಾಹಗಳ ಮಾದರಿ ಇದೇ.

ಕಂಠೀರಾಯಿ ಹಣ

ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638–1659) ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ತೆರೆದು ಸ್ವಂತ ಹಣ ಹೊಡೆಸಿದರು. ವಿಜಯನಗರದ ಅರಸನೆಂಬ ಹೆಸರು ಇನ್ನೂ ಪೂರ್ತಿ ಅಳಿದಿರದ ಕಾಲವದು. ಅಂಥ ಹೊತ್ತಿನಲ್ಲಿ ತನ್ನ ಹೆಸರಿನ ಚಿನ್ನ ಹೊರಡಿಸುವುದೆಂದರೆ ತಾನು ಯಾರ ಕೈಕೆಳಗೂ ಇಲ್ಲ ಎಂದು ಸಾರಿದಂತೆ. ಇದೇ ಅರಸರ ಕಾಲದಲ್ಲಿ ಚಂಗಾಳ್ವರ ಪಿರಿಯಾಪಟ್ಟಣ ಮೈಸೂರಿಗೆ ಸೇರಿತು. ಅಲ್ಲಿಂದಾಚೆಗೆ ಪಡುವಣ ಗಡಿಯ ಕಂದಾಯ, ಸುಂಕ, ಸಂಬಳಗಳ ಲೆಕ್ಕ ಕಂಠೀರಾಯಿ ಹಣದಲ್ಲೇ ನಡೆಯತೊಡಗಿತು.

ನಾಣ್ಯದ ಮುಂಬದಿಗೆ ಕುಳಿತ ನರಸಿಂಹ, ಹಿಂಬದಿಗೆ ನಾಗರಿಯಲ್ಲಿ ಮೂರು ಸಾಲಿನ ‘ಶ್ರೀ ಕಂಠೀರವ’. ಇದಿಷ್ಟೇ ವರ್ಣನೆ. ಇಸವಿಯಿಲ್ಲ, ಟಂಕಸಾಲೆಯ ಹೆಸರಿಲ್ಲ. ಸಂಗ್ರಾಹಕನ ಕಷ್ಟ ಶುರುವಾಗುವುದು ಇಲ್ಲಿಂದಲೇ, ಯಾಕೆಂದರೆ ಕಂಠೀರವರ ನಂತರ ಬಂದವರೂ ಅದೇ ನರಸಿಂಹ, ಅದೇ ಅಕ್ಷರಗಳಿರುವ ಹಣವನ್ನೇ ಬಳಸಿದರು. ಜನಕ್ಕೆ ಆ ರೂಪ ಒಗ್ಗಿತ್ತು, ನಾಣ್ಯ ಪರೀಕ್ಷಿಸಿ ಬದಲಿಸಿಕೊಡುವ ಶರಾಫರು ಅದನ್ನು ನಂಬಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದಿವಾನ್ ಪೂರ್ಣಯ್ಯ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯ ನಡೆಸುವಾಗಲೂ ಹೊಸ ರೂಪ ಹುಡುಕಲಿಲ್ಲ. ಕಂಠೀರಾಯಿ ಹಣವನ್ನೇ ಮತ್ತೆ ಹೊಡೆಸಿದರು. ಮಾಪು ಮಾತ್ರ ಬದಲಾಯಿತು. ಹಳೆಯದು ಅಗಲ ಕಂಠೀರಾಯಿ, ಹೊಸದು ಗಿಡ್ಡ ಕಂಠೀರಾಯಿ ಎಂದು ಜನ ಕರೆದರು. ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಈ ಎರಡೂ ಹೆಸರುಗಳನ್ನು ದಾಖಲಿಸಿದ್ದಾರೆ.

ಹತ್ತು ಕಂಠೀರಾಯಿ ಹಣಕ್ಕೆ ಒಂದು ಕಂಠೀರಾಯಿ ವರಾಹ. ಇದು ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿದ್ದ ಮಾನ. ಕೊಡುವಾಗ ಹಣಗಳನ್ನೇ ಎಣಿಸಿ ಕೊಡುತ್ತಿದ್ದರು. 1799ರ ಮೈಸೂರು ವಿಭಜನೆಯ ಒಡಂಬಡಿಕೆಯ ಪಟ್ಟಿಗಳಲ್ಲಿ ಸೀಮೆಗಳ ಹುಟ್ಟುವಳಿ ನಮೂದಾಗಿರುವುದು ಕಂಠೀರಾಯಿ ವರಾಹಗಳಲ್ಲಿ. ಮೈಸೂರು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ ತೆರಬೇಕಾಗಿದ್ದ 7 ಲಕ್ಷದ ಕಪ್ಪ ಮಾತ್ರ ಮದರಾಸಿನ ನಕ್ಷತ್ರ ವರಾಹದಲ್ಲಿತ್ತು. ಒಂದು ನಕ್ಷತ್ರ ವರಾಹಕ್ಕೆ ಮೂರೂವರೆ ರೂಪಾಯಿ. ಹಾಗಾಗಿ ಆ ಕಪ್ಪ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ಕಂಠೀರಾಯಿ ವರಾಹದ ಬೆಲೆ 3 ರೂಪಾಯಿಗಿಂತ ತುಸು ಕಡಿಮೆ. ತೂಕ ಹೆಚ್ಚುಕಡಿಮೆ ಒಂದೇ ಇದ್ದರೂ ಬೆಲೆ ಹೀಗೆ ಬೇರೆಯಾದದ್ದು ಚಿನ್ನದ ಬಣ್ಣ, ಅಂದರೆ ಶುದ್ಧತೆ, ಬೇರೆಯಾಗಿದ್ದುದರಿಂದ. ಶರಾಫನ ಒರೆಗಲ್ಲಿಗೆ ಅಷ್ಟು ಕೆಲಸವಿದ್ದದ್ದೂ ಇದಕ್ಕೇ.

1800–01ರಲ್ಲಿ ಈ ನಾಡು ಸುತ್ತಿದ ಫ್ರಾನ್ಸಿಸ್ ಬುಕಾನನ್ ಪಿರಿಯಾಪಟ್ಟಣದ ದಾರಿಯಲ್ಲೂ ಹಾದುಹೋದ. ಬೆಳೆ, ಕೂಲಿ, ಗುತ್ತಿಗೆಯ ಲೆಕ್ಕಗಳನ್ನು ಕಂಠೀರಾಯಿ ಮತ್ತು ಸುಲ್ತಾನಿ (ಟಿಪ್ಪುವಿನ) ಹಣಗಳಲ್ಲಿ ಬರೆದುಕೊಂಡ ಅವನ ಪುಟಗಳನ್ನು ಕೈಯಲ್ಲಿ ಹಿಡಿದು ಓದಿದರೆ ಈ ಪುಟ್ಟ ನಾಣ್ಯ ಒಬ್ಬ ಆಳಿನ ದುಡಿಮೆಗೆ, ಒಂದು ಎತ್ತಿನ ಬೆಲೆಗೆ ಹೇಗೆ ತಳುಕು ಹಾಕಿಕೊಂಡಿತ್ತೆಂಬುದು ಕಣ್ಣಿಗೆ ಕಟ್ಟುತ್ತದೆ. ಕೊಡಗಿನ ದಾರಿಯಲ್ಲಿ ಇವುಗಳ ಜೊತೆಗೆ ಮಲಬಾರಿನ ವೀರರಾಯ ಹಣವೂ ಬರುತ್ತಿತ್ತು. ಚುಕ್ಕಿಗಳು, ಬಾಗಿದ ಗೆರೆಗಳಷ್ಟೇ ಇರುವ ಅದನ್ನು ಹೊಸಬರು ಸವೆದ ಕಂಠೀರಾಯಿ ಎಂದು ಭ್ರಮಿಸುವುದುಂಟು.

ಅಚ್ಚು, ಬಿಲ್ಲೆ, ಏಟು

ಅಚ್ಚುಭೇದವೆಂದರೇನು ಎಂದು ತಿಳಿಯಲು ನಾಣ್ಯ ಹೊಡೆಯುವ ಕೆಲಸ ತಿಳಿದಿರಬೇಕು. ತೂಗಿ ಕತ್ತರಿಸಿದ ಚಿನ್ನದ ಬಿಲ್ಲೆಯನ್ನು ಅಡಿಗಲ್ಲಿಗೆ ಕೂರಿಸಿದ ಕೆಳ ಅಚ್ಚಿನ ಮೇಲಿಟ್ಟು, ಮೇಲಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಏಟು ಹಾಕುತ್ತಿದ್ದರು. ಒಂದು ಏಟಿಗೆ ಎರಡೂ ಬದಿಗೆ ಗುರುತು ಮೂಡುತ್ತಿತ್ತು. ಏಟನ್ನು ನೇರವಾಗಿ ತಿನ್ನುವ ಮೇಲಚ್ಚು ಬೇಗ ಬಿರುಕು ಬಿಡುತ್ತದೆ, ಕೆಳಗಿನದು ಹೆಚ್ಚು ದಿನ ತಾಳುತ್ತದೆ. ಒಂದೇ ಕೆಳ ಅಚ್ಚಿನ ಜೊತೆ ಹಲವು ಮೇಲಚ್ಚುಗಳು ಜೋಡಿಯಾಗುವುದು ಹೀಗೆ. ಪ್ರತಿಯೊಂದು ಅಚ್ಚನ್ನೂ ಕುಶಲಕರ್ಮಿ ಕೈಯಿಂದ ಕೊರೆದಿರುತ್ತಾನೆ. ಹಾಗಾಗಿ ಒಂದರಲ್ಲಿ ನರಸಿಂಹನ ಮೊಣಕಾಲು ಎತ್ತರ, ಇನ್ನೊಂದರಲ್ಲಿ ತಗ್ಗು. ಒಂದರಲ್ಲಿ ‘ಠ’ ದುಂಡಗೆ, ಇನ್ನೊಂದರಲ್ಲಿ ಬರಿಯ ಚುಕ್ಕಿ. ಈ ವ್ಯತ್ಯಾಸಗಳೇ ಅಚ್ಚುಭೇದಗಳು.

ಕಂಠೀರಾಯಿ ಹಣದಲ್ಲಿ ಇನ್ನೊಂದು ತೊಡಕಿದೆ. ಅಚ್ಚು ಬಿಲ್ಲೆಗಿಂತ ದೊಡ್ಡದು. ಯಾವ ಒಂದು ಹಣದ ಮೇಲೂ ಇಡೀ ಚಿತ್ರ ಬೀಳುವುದಿಲ್ಲ. ಒಂದರಲ್ಲಿ ದೇವರ ಕಿರೀಟ, ಮತ್ತೊಂದರಲ್ಲಿ ಬರೀ ಮಡಿಲು, ಇನ್ನೊಂದರಲ್ಲಿ ‘ಶ್ರೀ’ಯ ಅರ್ಧ. ಒಂದೇ ಅಚ್ಚಿನಿಂದ ಹೊರಬಂದ ಎರಡು ಹಣ ಹೊರನೋಟಕ್ಕೆ ಸಂಬಂಧವೇ ಇಲ್ಲದಂತೆ ಕಾಣಬಹುದು. ಅವುಗಳ ಚಿತ್ರಗಳನ್ನು ಒಂದೇ ಅಳತೆಗೆ ಹಿಗ್ಗಿಸಿ, ಒಂದರ ಅಂಚನ್ನು ಇನ್ನೊಂದರ ಮೇಲೆ ಹೊಂದಿಸುತ್ತ ಹೋದಾಗ ಅಚ್ಚಿನ ಪೂರ್ಣರೂಪ ತುಂಡು ತುಂಡಾಗಿ ಕೂಡಿಬರುತ್ತದೆ. ಆದ್ದರಿಂದಲೇ ಸವೆದದ್ದು, ಅಂಚಿನಲ್ಲಿ ಹೊಡೆದದ್ದು ಎಂದು ಯಾರೂ ಬೆಲೆ ಕೊಡದ ಹಣವೂ ಅಧ್ಯಯನಕ್ಕೆ ಬೇಕು. ಇಡೀ ಅಚ್ಚಿನ ಕಾಣದ ಮೂಲೆಯೊಂದು ಅದರಲ್ಲಿ ಸಿಕ್ಕಬಹುದು.

ಇಸವಿಯಿಲ್ಲದ ನಾಣ್ಯಕ್ಕೆ ಕಾಲ ಹೇಳಬಲ್ಲದ್ದು ಮುಖ್ಯವಾಗಿ ಅಚ್ಚು. ಒಂದು ಕೆಳ ಅಚ್ಚು ಹೊಸದಾಗಿರುವಾಗ ಒಂದು ಮೇಲಚ್ಚಿನೊಡನೆ, ಬಿರುಕು ಬಿಟ್ಟ ಮೇಲೆ ಬೇರೊಂದು ಮೇಲಚ್ಚಿನೊಡನೆ ಕಂಡರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಖಚಿತ. ಹೀಗೆ ಕೊಂಡಿಗೆ ಕೊಂಡಿ ಸೇರಿಸಿ ಸರಪಳಿ ಕಟ್ಟಬಹುದು. ಅಚ್ಚುಗಳ ಸಂಖ್ಯೆಯಿಂದ ಟಂಕಸಾಲೆಯ ಕೆಲಸದ ಪ್ರಮಾಣವನ್ನೂ ಊಹಿಸಬಹುದು: ಕೈಗೆ ಬಂದ ನಾಣ್ಯಗಳಲ್ಲಿ ಅವೇ ಅಚ್ಚುಗಳು ಮತ್ತೆ ಮತ್ತೆ ಬಂದರೆ ಬಳಸಿದ ಅಚ್ಚು ಕೆಲವೇ, ಪ್ರತಿಯೊಂದೂ ಹೊಸ ಅಚ್ಚಿನದಾದರೆ ಇನ್ನೂ ಕಾಣದ ಅಚ್ಚುಗಳು ಎಷ್ಟೋ ಇವೆ ಎಂದರ್ಥ. ಅಗಲ ಹಣಗಳಲ್ಲಿ ಯಾವುವು ಕಂಠೀರವರ ಕಾಲದವು, ಯಾವುವು ಅವರ ನಂತರದವು ಎಂಬ ಪ್ರಶ್ನೆಗೆ ಬೇರೆ ದಾರಿಯಿಂದ ಉತ್ತರ ಸಿಗುವುದು ಕಷ್ಟ.

ಅಮೆರಿಕದ ಮಾದರಿ

ಅಚ್ಚುಭೇದದ ಸಂಗ್ರಹವನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದವರಲ್ಲಿ ಅಮೆರಿಕದ ಹವ್ಯಾಸಿಗಳು ಮುಖ್ಯರು. ಫಿಲಡೆಲ್ಫಿಯದ ಟಂಕಸಾಲೆ ತನ್ನ ಮೊದಲ ಚಿನ್ನದ ನಾಣ್ಯಗಳಾದ 5 ಮತ್ತು 10 ಡಾಲರುಗಳನ್ನು 1795ರಲ್ಲಿ ಹೊರತಂದಿತು, ಎರಡೂವರೆ ಡಾಲರಿನದನ್ನು ಮರುವರ್ಷ. ಅಲ್ಲೂ ಆಗ ನಕ್ಷತ್ರ, ಅಂಕಿ, ಅಕ್ಷರಗಳನ್ನು ಅಚ್ಚಿನ ಮೇಲೆ ಒಂದೊಂದಾಗಿ ಕೈಯಿಂದ ಒತ್ತುತ್ತಿದ್ದರು. ಆದ್ದರಿಂದ ಒಂದೇ ಇಸವಿಯ ನಾಣ್ಯಗಳಲ್ಲೂ ನಕ್ಷತ್ರಗಳ ಜಾಗ, ಅಂಕಿಯ ಓರೆ ಬೇರೆ ಬೇರೆ. 1795ರ 10 ಡಾಲರಿನಲ್ಲಿ ಹದ್ದು ಹಿಡಿದ ಗರಿಯಲ್ಲಿ ಸಾಮಾನ್ಯವಾಗಿ 13 ಎಲೆ. 9 ಎಲೆ ಇರುವ ಅಚ್ಚು ಬಲು ವಿರಳ. ಟೆಕ್ಸಸ್ಸಿನ ಹ್ಯಾರಿ ಬ್ಯಾಸ್ ಜೀವಮಾನವಿಡೀ ಕೂಡಿಸಿದ ಸಂಗ್ರಹದ ಆಧಾರದ ಮೇಲೆ ಜಾನ್ ಡ್ಯಾನ್‌ರೂಥರ್ 1795ರಿಂದ 1834ರವರೆಗಿನ ಎಲ್ಲ ಅಚ್ಚುಜೋಡಿಗಳ ಗ್ರಂಥವನ್ನು 2006ರಲ್ಲಿ ಹೊರತಂದರು. ಇಂದು ಅಲ್ಲಿ ಯಾವ ಹಳೆಯ ಚಿನ್ನದ ನಾಣ್ಯ ಮಾರಾಟಕ್ಕೆ ಬಂದರೂ ಅವರಿಬ್ಬರ ಹೆಸರಿನ ಮೊದಲಕ್ಷರಗಳ ಸಂಖ್ಯೆಯಿಂದ ಅದನ್ನು ಗುರುತಿಸುತ್ತಾರೆ.

ಅಲ್ಲಿನ ವಿರಳತೆಯ ಕಾರಣವೂ ನಮ್ಮದನ್ನು ಹೋಲುತ್ತದೆ. 1834ರಲ್ಲಿ ಅಮೆರಿಕದ ಕಾನೂನು ಚಿನ್ನದ ನಾಣ್ಯದ ತೂಕ ಇಳಿಸಿತು. ಹಳೆಯ ನಾಣ್ಯದೊಳಗಿನ ಚಿನ್ನ ಅದರ ಮುಖಬೆಲೆಗಿಂತ ಹೆಚ್ಚು ಬಾಳುತ್ತಿದ್ದುದರಿಂದ ಅವು ಅದಕ್ಕೂ ಮೊದಲಿನಿಂದಲೇ ಕರಗುಮೂಸೆಗೆ ಹೋಗುತ್ತಿದ್ದವು, ಆಮೇಲೂ ಹೋದವು. 1822ರ 5 ಡಾಲರ್ ನಾಣ್ಯಗಳು ದಾಖಲೆಯ ಪ್ರಕಾರ 17,796. ಇಂದು ಉಳಿದಿರುವುದು ಮೂರೇ. ಎರಡು ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿವೆ, ಮೂರನೆಯದು 2021ರಲ್ಲಿ 84 ಲಕ್ಷ ಡಾಲರಿಗೆ ಹರಾಜಾಯಿತು. ಆದರೆ ಫಿಲಡೆಲ್ಫಿಯದಲ್ಲಿ ಎಷ್ಟು ಹೊಡೆದರೆಂಬ ಕಡತ ಉಳಿದಿದೆ, ನಾಣ್ಯದ ಮೇಲೆ ಇಸವಿಯಿದೆ. ಕಂಠೀರಾಯಿ ಹಣಕ್ಕೆ ಆ ಎರಡೂ ಆಸರೆ ಇಲ್ಲ. ಅಚ್ಚುಗಳ ಅಧ್ಯಯನದ ಅಗತ್ಯ ಅವರಿಗಿಂತ ನಮಗೇ ಹೆಚ್ಚು.

ಹೈದರ್ ಮತ್ತು ಟಿಪ್ಪು

1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ಅಲ್ಲಿನ ವರಾಹದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ‘ಶ್ರೀ ಸದಾಶಿವ’ ಇದ್ದ ಹಿಂಬದಿಗೆ ಮಾತ್ರ ಚುಕ್ಕಿಗಳ ಹಾಸಿನ ಮೇಲೆ ತನ್ನ ಹೆಸರಿನ ಮೊದಲಕ್ಷರವಾದ ಪಾರಸಿಯ ‘ಹೇ’ ಹಾಕಿಸಿದ. ಇದೇ ಬಹದ್ದೂರಿ ವರಾಹ. ಜನ ನಂಬಿದ್ದ ರೂಪವನ್ನು ಕೆಡಿಸದೆ ತನ್ನ ಮುದ್ರೆಯೊತ್ತಿದ ಈ ನಡೆಯಲ್ಲಿ ಒಬ್ಬ ಆಡಳಿತಗಾರನ ಜಾಣತನ ಎದ್ದು ಕಾಣುತ್ತದೆ. ಅಚ್ಚುಭೇದ ಕೂಡಿಸುವವರು ಇಲ್ಲಿ ನೋಡುವುದು ‘ಹೇ’ಯ ಬಾಗು, ಚುಕ್ಕಿಗಳ ಸಾಲು, ಶಿವನ ಕೈಯಲ್ಲಿನ ತ್ರಿಶೂಲ ಮತ್ತು ಜಿಂಕೆಯ ರೂಪ.

ಟಿಪ್ಪು (ಆಳ್ವಿಕೆ 1782–1799) ಚಿನ್ನದ ಮೇಲಿನ ಮೂರ್ತಿಗಳನ್ನು ಬಿಟ್ಟು ಪಾರಸಿ ಬರಹಕ್ಕೆ ತಿರುಗಿದ. ತಂದೆಯ ‘ಹೇ’ ಮಾತ್ರ ಉಳಿಯಿತು. ಅವನ ನಾಣ್ಯಗಳಿಗೆ ಹೆಸರುಗಳೂ ಬಂದವು: 4 ವರಾಹದ ಅಹ್ಮದಿ, 2 ವರಾಹದ ಸಿದ್ದೀಕಿ, ಒಂದು ವರಾಹದ ಫಾರೂಕಿ, ಹಣಕ್ಕೆ ರಾಹತಿ. ಅಹ್ಮದಿ ಪ್ರವಾದಿಯವರ ಹೆಸರಿನದು, ಸಿದ್ದೀಕಿ ಮತ್ತು ಫಾರೂಕಿ ಮೊದಲ ಇಬ್ಬರು ಖಲೀಫರವು. ಬೆಳ್ಳಿಯ ದೊಡ್ಡ ಹೈದರಿಯಿಂದ ತಾಮ್ರದ ಪುಟ್ಟ ಕುತುಬ್‌ವರೆಗೆ ಈ ಹೆಸರುಗಳ ಸಾಲು ಹಬ್ಬಿದೆ. ತಾಮ್ರದವಕ್ಕೆ ಗ್ರಹ–ನಕ್ಷತ್ರಗಳ ಹೆಸರು.

ಇಸವಿ ಓದುವಲ್ಲಿ ಹೊಸ ಸಂಗ್ರಾಹಕರು ಎಡವುವುದು ಹೆಚ್ಚು. ಮೊದಲ ವರ್ಷಗಳಲ್ಲಿ ಹಿಜರಿ ಶಕವಿದೆ. 1787ರಿಂದ ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕ, 1215ರಿಂದ 1227ರವರೆಗೆ. ಹಿಜರಿ 1201ರ ಬೆನ್ನಿಗೆ 1215 ಬರುವುದು ಇದರಿಂದ. ಅಷ್ಟೇ ಅಲ್ಲ, ಮೌಲೂದಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿದೆ. ಎಡದಿಂದ ಓದಿದರೆ 7121 ಎಂದು ಕಾಣುವುದು ನಿಜವಾಗಿ 1217. ಟಂಕಸಾಲೆಗಳೂ ಹಲವು. ಪಟ್ಟಣ, ಅಂದರೆ ಶ್ರೀರಂಗಪಟ್ಟಣ, ಮುಖ್ಯವಾದದ್ದು. ಅದರ ಜೊತೆ ನಗರ (ಬಿದನೂರು), ಬೆಂಗಳೂರು, ಕಲ್ಲಿಕೋಟೆ, ಗುತ್ತಿ, ಧಾರವಾಡ, ಚಿತ್ರದುರ್ಗ ಮೊದಲಾದವು ಹೊಸ ಹೆಸರುಗಳಲ್ಲಿ ಬರುತ್ತವೆ. ಮೈಸೂರಿನ ನಜರಬಾದಿನ ನೆನಪು ಉಳಿಸಿದ ನಜರ್‌ಬಾರ್ ಎಂಬ ಟಂಕಸಾಲೆಯ ತಾಮ್ರದ ನಾಣ್ಯಗಳೂ ಇವೆ.

ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಅಹ್ಮದಿ, ಸಿದ್ದೀಕಿಗಳಿಗೆ. ಅವು ಅಂದವಾಗಿವೆ, ವಿರಳವೂ ಹೌದು. ಆದರೂ ಈ ಲೇಖಕರ ತೀರ್ಮಾನದಲ್ಲಿ ಇತಿಹಾಸಕ್ಕೆ ಹೆಚ್ಚು ಬೆಲೆಯುಳ್ಳದ್ದು ರಾಹತಿಗಳ ಪೂರ್ಣ ಸರಣಿ. ಯಾವ ವರ್ಷ ಯಾವ ಊರಿನಲ್ಲಿ ಟಂಕಸಾಲೆ ನಡೆಯಿತು, ಯಾವಾಗ ನಿಂತಿತು ಎಂಬುದು ಸೇನೆ ಮತ್ತು ಕಂದಾಯದ ಚಲನೆಯನ್ನೇ ತೋರಿಸುತ್ತದೆ. ಕಲ್ಲಿಕೋಟೆಯ ಹೆಸರು ನಿಂತು ಅಲ್ಲಿಗೆ ಸಮೀಪದ ಹೊಸ ಕೋಟೆಯ ಫರ್ರುಖಿ ಹೆಸರು ಬರುವುದು ಅಂಥ ಒಂದು ಸಾಕ್ಷ್ಯ. ಪಿರಿಯಾಪಟ್ಟಣದ ಮೂಲಕ ಮುಂಬಯಿ ಸೇನೆ ಬಂದದ್ದು 1791ರಲ್ಲಿ; 1799ರ ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಟಿಪ್ಪು ಅದೇ ಕಡೆಯ ಸೇನೆಯನ್ನು ಎದುರಿಸಿದ. ಸಂಬಳದ ಚಿನ್ನ ಈ ಸೀಮೆಯಲ್ಲಿ ಓಡಾಡಿದ್ದು ಇಂಥ ದಿನಗಳಲ್ಲಿ.

ಕೊನೆಯ ವರಾಹಗಳು

ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹ ಮತ್ತೆ ಶಿವಪಾರ್ವತಿಗೆ ಮರಳಿತು. ಹಿಂಬದಿಗೆ ನಾಗರಿಯ ‘ಶ್ರೀ ಕೃಷ್ಣರಾಜ’. ಅವರ ತಾಮ್ರದ ಕಾಸುಗಳಲ್ಲಿ ಕನ್ನಡವಿದೆ, ಆನೆಯಿದೆ, ಸಿಂಹವಿದೆ, ಮಯಿಲಿ ಕಾಸಿನ ಬೆಲೆಯಿದೆ. ಮೈಸೂರಿನಲ್ಲಿದ್ದ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. ಅಷ್ಟರಲ್ಲಿ ಚಿನ್ನದ ಕಾಲ ಮುಗಿದಿತ್ತು. ಮದರಾಸು 1818ರಲ್ಲೇ ವರಾಹದಿಂದ ರೂಪಾಯಿಗೆ ತಿರುಗಿತ್ತು. ಕಂಪನಿಯ 1835ರ ಕಾಯ್ದೆ ತನ್ನ ಸೀಮೆಯಲ್ಲಿ ಚಿನ್ನದ ನಾಣ್ಯಕ್ಕೆ ಚಲಾವಣೆಯ ಮಾನ್ಯತೆಯನ್ನೇ ತೆಗೆಯಿತು. ಚಲಾವಣೆ ಕಳೆದುಕೊಂಡ ವರಾಹಕ್ಕೆ ಉಳಿದದ್ದು ಲೋಹದ ಬೆಲೆ ಮಾತ್ರ. ಕೊಂಡಿ ಬೆಸೆದವು ಕೊರಳಿಗೆ ಏರಿದವು, ಉಳಿದವು ಮೂಸೆಗೆ ಬಿದ್ದವು. ವೆನಿಸ್ಸಿನ ಡುಕಾಟುಗಳು ಪುತ್ಥಳಿ ಸರಗಳಾಗಿ, ಬ್ರಿಟಿಷ್ ಸವರನ್ನುಗಳು ಕಾಸಿನ ಸರಗಳಾಗಿ ಉಳಿದದ್ದೂ ಇದೇ ಹಾದಿಯಲ್ಲಿ.

ಗ್ರಂಥಗಳು, ಸಂಗ್ರಹಾಲಯಗಳು

ಕ್ಯಾಪ್ಟನ್ ಟಫ್ನೆಲ್ ಬೆಂಗಳೂರು ವಸ್ತುಸಂಗ್ರಹಾಲಯದ ಮೈಸೂರು ನಾಣ್ಯಗಳ ಪಟ್ಟಿಯನ್ನು 1889ರಲ್ಲಿ ಮಾಡಿದರು. ವಾಲ್ಟರ್ ಎಲಿಯಟ್ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ 1886ರಲ್ಲಿ ಬರೆದ ಗ್ರಂಥ ಅದಕ್ಕೆ ಹಿಂದಿನದು. ಮದರಾಸು ವಸ್ತುಸಂಗ್ರಹಾಲಯದ ಜೆ. ಆರ್. ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಹೈದರ್–ಟಿಪ್ಪು ನಾಣ್ಯಗಳ ಪುಸ್ತಕ ನೂರು ವರ್ಷ ಕಳೆದರೂ ಮೊದಲು ತೆರೆಯಬೇಕಾದ ಪುಸ್ತಕ. ಟಂಕಸಾಲೆಗಳ ಗುರುತು, ಶಕಗಳ ಲೆಕ್ಕ, ತೂಕ ಎಲ್ಲವೂ ಅದರಲ್ಲಿ ಕ್ರಮವಾಗಿವೆ. ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಎಂ. ಎಚ್. ಕೃಷ್ಣ ಅವರು ನಾಣ್ಯಗಳಿಗೆ ಕೊಟ್ಟ ಪುಟಗಳು, 1975ರಲ್ಲಿ ಬಂದ ಎ. ವಿ. ನರಸಿಂಹಮೂರ್ತಿಯವರ ಕರ್ನಾಟಕದ ನಾಣ್ಯಗಳ ಗ್ರಂಥ ಕನ್ನಡನಾಡಿನ ಇಡೀ ಚಿತ್ರ ಕೊಡುತ್ತವೆ. ಇವೆಲ್ಲ ಮಾದರಿಗಳ ಪಟ್ಟಿಗಳು. ಕಂಠೀರಾಯಿ ಹಣಕ್ಕೆ ಅಚ್ಚು ಅಚ್ಚಾಗಿ ಬಿಡಿಸಿದ ಚಿತ್ರಪಟ್ಟಿ ಬೇಕು, ಮತ್ತು ಆ ಕೆಲಸಕ್ಕೆ ವಿದ್ವಾಂಸನಷ್ಟೇ ಒಬ್ಬ ತಾಳ್ಮೆಯುಳ್ಳ ಹವ್ಯಾಸಿಯೂ ಅರ್ಹ. ಕಣ್ಣಾರೆ ನೋಡಬಯಸುವವರಿಗೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ, ಚೆನ್ನೈ ವಸ್ತುಸಂಗ್ರಹಾಲಯ, ಉಡುಪಿಯಲ್ಲಿ ಬ್ಯಾಂಕೊಂದು 2011ರಲ್ಲಿ ತೆರೆದ ನಾಣ್ಯ ಸಂಗ್ರಹಾಲಯಗಳಿವೆ.

ಕೊಳ್ಳುವುದು, ಕಾಯುವುದು

ಹೊಸಬರು ತಾಮ್ರದ ಮಯಿಲಿ ಕಾಸಿನಿಂದ ಶುರುಮಾಡುವುದು ಒಳ್ಳೆಯದು. ಬೆಲೆ ಕಡಿಮೆ, ಅಚ್ಚುಭೇದ ಹೇರಳ, ಕನ್ನಡ ಅಕ್ಷರಗಳನ್ನು ಹೋಲಿಸುತ್ತ ಕಣ್ಣು ಪಳಗುತ್ತದೆ. ಆಮೇಲೆ ಹಣ, ಕೊನೆಗೆ ವರಾಹ. ಬೇಕಾದ ಸಲಕರಣೆ ಕೆಲವೇ: ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಮಿಲಿಗ್ರಾಂ ತೋರುವ ತಕ್ಕಡಿ, ಒಳ್ಳೆಯ ಬೆಳಕು. ನೀರಿನಲ್ಲಿ ತೂಗಿ ಸಾಂದ್ರತೆ ಕಂಡುಕೊಳ್ಳುವುದು ಹಳೆಯ, ನಂಬಬಹುದಾದ ಪರೀಕ್ಷೆ: ಶುದ್ಧ ಚಿನ್ನ ನೀರಿಗಿಂತ 19.3 ಪಟ್ಟು ಭಾರ, ಹಿತ್ತಾಳೆ ಸುಮಾರು ಎಂಟೂವರೆ ಪಟ್ಟು. ಅರೆಗ್ರಾಮಿಗೂ ಕಡಿಮೆ ತೂಗುವ ಹಣದಲ್ಲಿ ಈ ಪರೀಕ್ಷೆ ಅಷ್ಟು ನಿಖರವಲ್ಲ. ಅಲ್ಲಿ ಅಚ್ಚಿನ ಗೆರೆಗಳೇ ಸಾಕ್ಷಿ. ಏಟಿನಿಂದ ಮೂಡಿದ ಗೆರೆ ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿನಲ್ಲಿ ಅಂಚು ಮಂಕು, ಮೈಯಲ್ಲಿ ಸಣ್ಣ ಸಣ್ಣ ರಂಧ್ರ. ಒಂದೇ ಗಾಯ, ಒಂದೇ ಗೀರು ಎರಡು ನಾಣ್ಯಗಳಲ್ಲಿ ಕಂಡರೆ ಎರಡೂ ಒಂದೇ ಎರಕದವು ಎಂದು ತಿಳಿಯಬೇಕು.

ರಾಮನ ಪಟ್ಟಾಭಿಷೇಕವಿರುವ ರಾಮಟಂಕಗಳು ಪೂಜೆಯ ಮುದ್ರಿಕೆಗಳು, ಯಾವ ರಾಜ್ಯದಲ್ಲೂ ಚಲಾವಣೆಯಲ್ಲಿದ್ದ ನಾಣ್ಯಗಳಲ್ಲ. ಅವನ್ನು ವಿಜಯನಗರದ ಚಿನ್ನವೆಂದು ಮಾರುವವರಿದ್ದಾರೆ. ‘ಪಾಯ ತೋಡುವಾಗ ನಿಧಿ ಸಿಕ್ಕಿದೆ’ ಎಂದು ಫೋನು ಮಾಡಿ, ಮೊದಲು ಒಂದೆರಡು ಅಸಲಿ ನಾಣ್ಯ ತೋರಿಸಿ, ದುಡ್ಡು ಕೈಸೇರಿದ ಮೇಲೆ ಹಿತ್ತಾಳೆಯ ಗಂಟು ಕೊಡುವ ಮೋಸ ಕರ್ನಾಟಕದ ಪೊಲೀಸ್ ಠಾಣೆಗಳಿಗೆ ಹೊಸದಲ್ಲ. ಈ ಸೀಮೆಯ ಹೊಗೆಸೊಪ್ಪಿನ ಬೆಳೆಗಾರರು ಬೆಳೆಯ ಹಣ ಕೈಗೆ ಬಂದ ಕಾಲದಲ್ಲಿ ಇಂಥ ಕರೆ ಬಂದರೆ ಎಚ್ಚರವಾಗಿರಬೇಕು. ಬೆಲೆ ಕೇಳಿ ಆಸೆಪಡುವ ಮೊದಲು ನಿಧಿಯನ್ನು ಕೊಳ್ಳುವುದೇ ಕಾನೂನಿಗೆ ವಿರುದ್ಧವೆಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಉಳುವಾಗ, ಬಾವಿ ತೆಗೆಯುವಾಗ ಸಿಕ್ಕ ಹಳೆಯ ಚಿನ್ನಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಅನ್ವಯಿಸುತ್ತದೆ. ಸಿಕ್ಕವರು ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ. ಹೊರದೇಶದಲ್ಲಿರುವ ಮಕ್ಕಳಿಗೆ ಅಜ್ಜಿಯ ವರಾಹ ಕಳಿಸಬೇಕೆನ್ನುವವರಿಗೂ ಈ ನಿಯಮ ತಪ್ಪುವುದಿಲ್ಲ. ನಿಧಿಯನ್ನು ಹಾಗೆಯೇ, ಮಡಕೆಯ ಚೂರಿನ ಸಮೇತ ಒಪ್ಪಿಸುವುದರಿಂದ ವಿದ್ಯೆಗೆ ಆಗುವ ಲಾಭ ದೊಡ್ಡದು. ಒಟ್ಟಿಗೆ ಹೂತಿಟ್ಟ ನಾಣ್ಯಗಳು ಒಂದೇ ಕಾಲದಲ್ಲಿ ಚಲಾವಣೆಯಲ್ಲಿದ್ದವು. ಇಸವಿಯುಳ್ಳ ಒಂದು ಟಿಪ್ಪು ರಾಹತಿ ಅದರೊಳಗಿದ್ದರೆ ಪಕ್ಕದಲ್ಲಿರುವ ಇಸವಿಯಿಲ್ಲದ ಕಂಠೀರಾಯಿಗಳ ಅಚ್ಚುಗಳಿಗೂ ಕಾಲದ ಗಡಿ ಸಿಗುತ್ತದೆ. ಹಂಚಿಕೊಂಡು ಹೋದ ಮೇಲೆ ಆ ಸಾಕ್ಷ್ಯ ಮತ್ತೆ ಕೂಡಿಬರುವುದಿಲ್ಲ.

ಒಡವೆಯಲ್ಲಿರುವ ನಾಣ್ಯ ಕುಟುಂಬದ ಸ್ವತ್ತು. ಅದನ್ನು ಹೊಸ ಸರಕ್ಕಾಗಿ ಆಚಾರಿಗೆ ಕೊಡುವ ಮುನ್ನ ಒಂದು ದಾಖಲೆಯಾದರೂ ಮಾಡಿಟ್ಟರೆ ಅಧ್ಯಯನಕ್ಕೆ ನೆರವಾಗುತ್ತದೆ. ಹುಣಸೆಹುಳಿ, ಅಂಟುವಾಳ, ಕುಂಚದಿಂದ ಉಜ್ಜಬಾರದು. ಉಜ್ಜಿದರೆ ಅಚ್ಚಿನ ಬಿರುಕುಗಳು ಮೊದಲು ಅಳಿಸುತ್ತವೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಬೆಳಕನ್ನು ಒಂದೇ ಕಡೆಯಿಂದ ಬೀಳಿಸಿ, ಎರಡೂ ಬದಿಯ ಚಿತ್ರ ತೆಗೆಯಬೇಕು. ತೂಕವನ್ನು ಮಿಲಿಗ್ರಾಂವರೆಗೆ, ಅಗಲವನ್ನು ಮಿಲಿಮೀಟರಿನಲ್ಲಿ ಬರೆಯಬೇಕು, ಬೆಸುಗೆಯಿದ್ದರೆ ಅದನ್ನೂ. ಮುಂಬದಿ ನೆಟ್ಟಗಿರುವಾಗ ಹಿಂಬದಿ ಎಷ್ಟು ಓರೆಯಾಗಿದೆ ಎಂಬುದನ್ನು ಗಡಿಯಾರದ ಮುಳ್ಳಿನ ಗುರುತಿನಲ್ಲಿ ನಮೂದಿಸಬೇಕು, ಏಕೆಂದರೆ ಮೇಲಚ್ಚು ಕೈಯಲ್ಲಿ ತಿರುಗುತ್ತಿತ್ತು. ನಾಣ್ಯ ಯಾವ ಊರಿನ ಕಡೆಯಿಂದ ಬಂತು, ಮನೆಗೆ ಹೇಗೆ ಬಂತು ಎಂದು ಹಿರಿಯರು ಹೇಳಿದ್ದನ್ನು ಅದರ ಜೊತೆಗೇ ಬರೆದಿಡಬೇಕು.